ಮಳೆನೀರಿಗೂ ಒಂದು ವಿಳಾಸವಿದೆ



ಮುಂಬಯಿಯಲ್ಲಿರುವವರು ಧೋಬಿ ತಲಾವ್ ಬಸ್ ಸ್ಟಾಪಿನಲ್ಲಿ ಎಷ್ಟೋ ಸಲ ಇಳಿದಿರುತ್ತೀರಿ. ಅಲ್ಲಿ ತಲಾವ್ ಎಲ್ಲಿದೆ ಅಂತ ಯಾವತ್ತಾದರೂ ಹುಡುಕಿದ್ದೀರಾ? ಹೈದರಾಬಾದಿನವರು ಮಾಸಾಬ್ ಟ್ಯಾಂಕ್ ದಾಟಿ ದಿನವೂ ಆಫೀಸಿಗೆ ಹೋಗುತ್ತೀರಿ. ಟ್ಯಾಂಕ್ ಕಾಣಿಸುತ್ತದೆಯೇ? ಚೆನ್ನೈನ ನುಂಗಂಬಾಕ್ಕಂನಲ್ಲಿ 'ಲೇಕ್ ಏರಿಯಾ' ಇದೆ, ಲೇಕ್ ಇಲ್ಲ. ರಜೆಗೆ ಬೆಂಗಳೂರಿಗೆ ಹೋದಾಗ ನೀವು ಬಸ್ ಇಳಿಯುವ ಮೆಜೆಸ್ಟಿಕ್ ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆ. ಕ್ರೀಡಾಕೂಟ ನೋಡುವ ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ.

ಊರು ಬೆಳೆಯುವಾಗ ಕೆರೆ ಹೋಗುತ್ತದೆ, ಹೆಸರು ಉಳಿಯುತ್ತದೆ. ಇದು ನಮಗೆಲ್ಲ ಗೊತ್ತಿರುವ ವಿಷಯವೇ. ಆದರೆ ಹೆಸರಿನ ಜೊತೆ ಇನ್ನೊಂದು ಸಂಗತಿಯೂ ಉಳಿಯುತ್ತದೆ. ಅದು ನೀರಿನ ನೆನಪು. ಕೆರೆ ಮುಚ್ಚಿದರೂ ಇಳಿಜಾರು ಬದಲಾಗುವುದಿಲ್ಲ. ಜೋರು ಮಳೆ ಬಂದ ದಿನ ನೀರು ತನ್ನ ಹಳೆಯ ವಿಳಾಸ ಹುಡುಕಿಕೊಂಡು ಬಂದೇ ಬರುತ್ತದೆ. ಆ ವಿಳಾಸದಲ್ಲಿ ಈಗ ನೀವಿದ್ದರೆ ಅದು ನಿಮ್ಮ ಮನೆ ಬಾಗಿಲನ್ನೇ ತಟ್ಟುತ್ತದೆ!

ನಮ್ಮಲ್ಲಿ ಬಹಳ ಜನ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ಇಪ್ಪತ್ತು ವರ್ಷದ ಸಾಲ ಮಾಡಿ ಗೊತ್ತಿಲ್ಲದ ಊರಿನಲ್ಲಿ ಒಂದು ಫ್ಲ್ಯಾಟ್ ಕೊಳ್ಳುವವರು. ಊರಲ್ಲಾದರೆ ಅಜ್ಜನೋ ಚಿಕ್ಕಪ್ಪನೋ "ಅಲ್ಲಿ ಬೇಡ ಮಾರಾಯಾ, ಅದು ಕೆರೆ ಕೋಡಿ ಹರಿಯುವ ಜಾಗ" ಎಂದು ಹೇಳುತ್ತಿದ್ದರು. ಇಲ್ಲಿ ಹಾಗೆ ಹೇಳುವವರು ಯಾರಿದ್ದಾರೆ? ಅದಕ್ಕೇ ಈ ಸಲ ಸ್ವಲ್ಪ ಚರಿತ್ರೆ ಓದೋಣ.

ಹೈದರಾಬಾದ್, 1908

ಕಥೆ ಹೈದರಾಬಾದಿನಿಂದ ಶುರುವಾಗಬೇಕು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲ. ನಮ್ಮ ಬೀದರ್, ಗುಲ್ಬರ್ಗ, ರಾಯಚೂರುಗಳೂ ಆಗ ಅದೇ ಸಂಸ್ಥಾನದಲ್ಲಿದ್ದವು. 1908ರ ಸೆಪ್ಟೆಂಬರ್ ಕೊನೆಯ ವಾರ ಮೂಸಿ ಕಣಿವೆಯಲ್ಲಿ ಮಳೆ ಹಿಡಿಯಿತು. ಇಂದು ವಿಮಾನ ನಿಲ್ದಾಣ ಇರುವ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಸುರಿಯಿತು. ಸೆಪ್ಟೆಂಬರ್ 28ರಂದು ಮೂಸಿ ಊರೊಳಗೆ ನುಗ್ಗಿತು. ಸತ್ತವರ ಸಂಖ್ಯೆ ಸುಮಾರು 15,000 ಎಂಬ ಅಂದಾಜಿದೆ. ಸಾವಿರಾರು ಮನೆಗಳು ಕುಸಿದವು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆ ಮರವನ್ನು ಹತ್ತಿ ಕುಳಿತ ಸುಮಾರು 150 ಜನ ಬದುಕಿಕೊಂಡರು ಎಂದು ಅಲ್ಲಿಯವರು ಇವತ್ತಿಗೂ ಹೇಳುತ್ತಾರೆ. ಅಫ್ಜಲ್‌ಗಂಜ್ ಕಡೆ ಹೋದಾಗ ಆ ಮರವನ್ನೊಮ್ಮೆ ನೋಡಿ ಬನ್ನಿ.

ಮತ್ತೆ ಹೀಗಾಗದಂತೆ ಏನು ಮಾಡಬೇಕೆಂದು ಕೇಳಲು ನಿಜಾಮ್ ಸರ್ಕಾರ ಕರೆಸಿದ್ದು ಯಾರನ್ನು ಗೊತ್ತೇ? ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು! ಮುಂಬಯಿ ಸರ್ಕಾರದ ನೌಕರಿ ಬಿಟ್ಟು ಅವರು ಯುರೋಪ್ ಪ್ರವಾಸದಲ್ಲಿದ್ದರು. ಅದಕ್ಕೂ ಮೊದಲು, 1903ರಲ್ಲಿ, ಪುಣೆಯ ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂಡಿಸಿ ಹೆಸರು ಮಾಡಿದ್ದರು. 1909ರಲ್ಲಿ ಹೈದರಾಬಾದಿಗೆ ಬಂದ ಅವರು ಮೊದಲು ಮಾಡಿದ ಕೆಲಸ ಲೆಕ್ಕ ಹಾಕಿದ್ದು. ಮಳೆ ಎಷ್ಟು ಬಿತ್ತು, ನೀರು ಎಲ್ಲಿಂದ ಬಂತು, ಎಷ್ಟು ವೇಗವಾಗಿ ಬಂತು?

ಲೆಕ್ಕದಲ್ಲಿ ಒಂದು ಮುಖ್ಯ ಸಂಗತಿ ಸಿಕ್ಕಿತು. ಊರಿನ ಮೇಲ್ಭಾಗದ ಮೂಸಿ ಕಣಿವೆಯಲ್ಲಿ ಸುಮಾರು 800 ಕೆರೆಗಳಿದ್ದವು. ಆ ಮಳೆಗೆ 200ಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ಅಂದರೆ ನದಿಗೆ ಬಂದದ್ದು ಬರೀ ಮಳೆಯ ನೀರಲ್ಲ, ಕೆರೆಗಳು ಹಿಡಿದಿಟ್ಟಿದ್ದ ನೀರೂ ಒಟ್ಟಿಗೇ ಬಂದಿತ್ತು.

ವಿಶ್ವೇಶ್ವರಯ್ಯನವರ ಸಲಹೆ ಹೀಗಿತ್ತು: ನಗರದೊಳಗೆ ಎಷ್ಟೇ ಗೋಡೆ ಕಟ್ಟಿದರೂ ಸಾಲದು, ಪ್ರವಾಹವನ್ನು ನಗರದ ಮೇಲ್ಭಾಗದಲ್ಲೇ ಹಿಡಿದು ನಿಧಾನವಾಗಿ ಬಿಡಬೇಕು. ಅದರಂತೆ ಮೂಸಿ ಮತ್ತು ಈಸಿ ನದಿಗಳಿಗೆ ಎರಡು ಜಲಾಶಯಗಳು ಬಂದವು. 1920ರಲ್ಲಿ ಉಸ್ಮಾನ್ ಸಾಗರ್, 1927ರಲ್ಲಿ ಹಿಮಾಯತ್ ಸಾಗರ್. ಊರೊಳಗೆ ನದಿಯ ದಂಡೆ ಎತ್ತರಿಸಿ ಉದ್ಯಾನಗಳನ್ನು ಮಾಡುವುದು, ಒಳಚರಂಡಿ ಕಟ್ಟುವುದು ಕೂಡ ಅವರ ಯೋಜನೆಯಲ್ಲಿತ್ತು. 1909ರ ಕೊನೆಗೆ ಅವರು ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಹೋದರು. ಅಲ್ಲಿಂದ ಮುಂದಿನದು ನಮಗೆಲ್ಲ ಬಾಯಿಪಾಠ.

'ನೀರನ್ನು ಓಡಿಸಬೇಡ, ನಿಲ್ಲಿಸು' ಎಂಬ ಈ ಒಂದು ಪಾಠವನ್ನು ಇಟ್ಟುಕೊಂಡು ಮುಂದೆ ಹೋಗೋಣ.

ಕೆರೆಗಳ ಸರಪಳಿ

ಕೆರೆ ಎಂದರೆ ಒಂಟಿ ಗುಂಡಿ ಎಂದುಕೊಳ್ಳಬೇಡಿ. ದಖ್ಖನ್ ಪ್ರಸ್ಥಭೂಮಿಯಲ್ಲಿ ಕೆರೆಗಳು ಸರಪಳಿಯಂತೆ ಇವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಬರುತ್ತದೆ. ಆ ಕಾಲುವೆಗೇ ನಾವು ರಾಜಕಾಲುವೆ ಎನ್ನುವುದು. ನಮ್ಮ ಕೋಡಿಗೆ ತೆಲುಗಿನಲ್ಲಿ ಅಲುಗು, ನಮ್ಮ ತೂಬಿಗೆ ಅಲ್ಲಿ ತೂಮು. ಇನ್ನು ಚೆನ್ನೈ ಕನ್ನಡಿಗರಿಗೆ ಒಂದು ತಮಾಷೆ: ನಮಗೆ ಏರಿ ಎಂದರೆ ಕೆರೆಯ ಕಟ್ಟೆ, ತಮಿಳರಿಗೆ ಏರಿ ಎಂದರೆ ಕೆರೆಯೇ! ಮಾತು ಒಂದಷ್ಟು ಜಾರಿದೆ, ವ್ಯವಸ್ಥೆ ಮಾತ್ರ ಒಂದೇ.

ಈ ವ್ಯವಸ್ಥೆಯನ್ನು ಕಾಯಲು ಹಳ್ಳಿಯಲ್ಲಿ ನೀರುಗಂಟಿ ಇರುತ್ತಿದ್ದ. ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ಕೆರೆಯ ಅಂಗಳದಲ್ಲಿ ನೀರು ಇಳಿದಾಗ ಹುಲ್ಲು, ಏರಿದಾಗ ಮೀನು ಮತ್ತು ಹಕ್ಕಿ. ಆ ಜೌಗು ಅಂಗಳ ವ್ಯರ್ಥ ಜಾಗವಾಗಿರಲಿಲ್ಲ. ಬರುವ ನೀರಿನ ವೇಗ ಅಲ್ಲಿ ಕುಗ್ಗುತ್ತಿತ್ತು, ಮಣ್ಣು ಅಲ್ಲೇ ತಂಗುತ್ತಿತ್ತು, ತಿಳಿನೀರು ಮುಂದೆ ಹೋಗುತ್ತಿತ್ತು. ಈಗಿನ ಇಂಜಿನಿಯರುಗಳು ಕೋಟಿ ಖರ್ಚು ಮಾಡಿ ಕಟ್ಟುವುದನ್ನು ಆಪು ಹುಲ್ಲು, ಜೊಂಡು ಬಿಟ್ಟಿಯಾಗಿ ಮಾಡುತ್ತಿದ್ದವು.

ಹಳ್ಳಿಗಳು ನಗರದೊಳಗೆ ಸೇರಿದ ಮೇಲೆ ಕೆರೆಗೆ ಕೆಲಸ ಇಲ್ಲವಾಯಿತು. ಗದ್ದೆಯೇ ಇಲ್ಲದ ಮೇಲೆ ತೂಬು ಯಾಕೆ? ನೀರುಗಂಟಿ ಯಾಕೆ? ಕಾಗದದ ಮೇಲೆ ಅದು ಖಾಲಿ ಜಾಗ. ಮದ್ರಾಸಿನಲ್ಲಿ 1920ರ ದಶಕದಲ್ಲಿ ಮಾಂಬಲಂನ ಉದ್ದನೆಯ ಕೆರೆಯನ್ನು ಬರಿದು ಮಾಡಿ ಟಿ. ನಗರ ಕಟ್ಟಿದರು. ಬೆಂಗಳೂರಿನಲ್ಲಿ ಕೋರಮಂಗಲದ ಕೆರೆಯ ಜಾಗದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕ್ರೀಡಾಗ್ರಾಮ ಎದ್ದಿತು. ಹಾಗೆಂದು ಎಚ್ಚರಿಸುವವರೇ ಇರಲಿಲ್ಲ ಅಂತಲ್ಲ. 1985ರಲ್ಲೇ ಕರ್ನಾಟಕ ಸರ್ಕಾರ ಎನ್. ಲಕ್ಷ್ಮಣ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತ್ತು. ಕೆರೆಗಳನ್ನು ಉಳಿಸಿ ಎಂದು ಆ ಸಮಿತಿ ಹೇಳಿತ್ತು.

ಮುಂಬಯಿ, 2005

26 ಜುಲೈ 2005. ಮುಂಬಯಿ ಕೇಳುಗರಿಗೆ ಈ ತಾರೀಕು ಹೇಳಿದರೆ ಸಾಕು, ಎಲ್ಲಿದ್ದೆವು, ಹೇಗೆ ಮನೆ ಸೇರಿದೆವು ಎಲ್ಲ ನೆನಪಾಗುತ್ತದೆ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ. ಅದೇ ದಿನ ಕೊಲಾಬಾದಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ನಗರದಲ್ಲಿ 400ಕ್ಕೂ ಹೆಚ್ಚು ಜನ ಸತ್ತರು.

ಅವತ್ತು ಬಹಳ ಜನರಿಗೆ ಮುಂಬಯಿಯಲ್ಲಿ ಒಂದು ನದಿ ಇದೆ ಎಂದು ಮೊದಲ ಸಲ ಗೊತ್ತಾಯಿತು! ಮಿಥಿ ನದಿ ವಿಹಾರ್ ಮತ್ತು ಪವಾಯಿ ಕೆರೆಗಳ ಹೆಚ್ಚುವರಿ ನೀರಿನಿಂದ ಹುಟ್ಟಿ, ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಖಾರಿಯಲ್ಲಿ ಸಮುದ್ರ ಸೇರುತ್ತದೆ. ಕೊನೆಯ ಭಾಗದಲ್ಲಿ ಕಾಂಡ್ಲಾ ಕಾಡು ಮತ್ತು ಜೌಗು ಇತ್ತು. ಭರತದ ಹೊತ್ತಿಗೆ ಮಳೆಯೂ ಬಂದರೆ ನೀರು ಹರಡಿಕೊಳ್ಳಲು ಇದ್ದ ಜಾಗ ಅದು. ಅಲ್ಲಿ ಮಣ್ಣು ತುಂಬಿ ಬಾಂದ್ರಾ-ಕುರ್ಲಾ ಸಂಕೀರ್ಣ ಎದ್ದಿತು. ವಿಮಾನ ನಿಲ್ದಾಣದ ರನ್‌ವೇಗಾಗಿ ನದಿಯ ದಾರಿಯನ್ನು ತಿರುಗಿಸಿದರು. ದಂಡೆಯಲ್ಲಿ ವರ್ಕ್‌ಶಾಪು, ಗೋದಾಮು, ಗುಡಿಸಲು.

ಹಳೆಯ ಮಳೆನೀರು ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದವು. ಅದನ್ನು 50ಕ್ಕೆ ಏರಿಸಬೇಕೆಂದು 1993ರಲ್ಲೇ ವರದಿ ಬಂದಿತ್ತು. ಪ್ರವಾಹದ ನಂತರ ಮಾಧವ ಚಿತಳೆ ಸಮಿತಿ ಇಡೀ ವಿಷಯವನ್ನು ಪರಿಶೀಲಿಸಿತು. ಅದೇ 2005ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಕಾಂಡ್ಲಾ ಕಡಿಯುವುದನ್ನೂ ಅದರ ಸುತ್ತ 50 ಮೀಟರ್ ಒಳಗೆ ಕಟ್ಟಡ ಕಟ್ಟುವುದನ್ನೂ ತಡೆಯಿತು.

ಪುಣೆಯವರಿಗೂ ಇಂಥದ್ದೇ ಒಂದು ರಾತ್ರಿ ಇದೆ. 25 ಸೆಪ್ಟೆಂಬರ್ 2019ರಂದು ಕಾತ್ರಜ್ ಕಡೆಯಿಂದ ಬರುವ ಅಂಬಿಲ್ ಓಢಾ ಎಂಬ ಪುಟ್ಟ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗಿತು. ಉಳಿದ ದಿನಗಳಲ್ಲಿ ಅದನ್ನು ಯಾರೂ ಹಳ್ಳ ಎಂದೂ ಗಣಿಸುತ್ತಿರಲಿಲ್ಲ, ಗಟಾರ ಎನ್ನುತ್ತಿದ್ದರು.

ಚೆನ್ನೈನ ಜೌಗು

ಚೆನ್ನೈನ ದಕ್ಷಿಣಕ್ಕೆ ಪಳ್ಳಿಕರಣೈ. ಸುತ್ತಲಿನ ಹತ್ತಾರು ಕೆರೆಗಳ ಕೋಡಿ ನೀರು ಇಲ್ಲಿಗೆ ಬಂದು, ಒಕ್ಕಿಯಂ ಮಡುವು ದಾಟಿ, ಕೋವಳಂ ಹಿನ್ನೀರಿನ ಕಡೆ ಹೋಗುತ್ತದೆ. ಒಂದು ಕಾಲಕ್ಕೆ 5,000 ಹೆಕ್ಟೇರಿಗೂ ಹೆಚ್ಚು ಹರಡಿದ್ದ ಜೌಗು. ಸರ್ಕಾರಿ ದಾಖಲೆಗಳ ಭಾಷೆಯಲ್ಲಿ ಇಂಥ ನೆಲ ಬಹಳ ಕಾಲ ಬರೀ 'ಬಂಜರು'. ಬಂಜರು ಎಂದ ಮೇಲೆ ಏನು ಬೇಕಾದರೂ ಮಾಡಬಹುದು. ಕಸ ಸುರಿದರು, ರಸ್ತೆ ಹಾಕಿದರು, ಸಂಸ್ಥೆಗಳಿಗೆ ಹಂಚಿದರು, ಪಕ್ಕದಲ್ಲಿ ಐಟಿ ಕಾರಿಡಾರ್ ಬಂತು. 2007ರಲ್ಲಿ ಉಳಿದದ್ದರಲ್ಲಿ ಒಂದು ಭಾಗವನ್ನು ಮೀಸಲು ಅರಣ್ಯವೆಂದು ಘೋಷಿಸಿದರು.

ಆಮೇಲೆ 2015ರ ಡಿಸೆಂಬರ್ 1 ಬಂತು. ತಾಂಬರಂನಲ್ಲಿ ಒಂದೇ ದಿನ ಸುಮಾರು 49 ಸೆಂಟಿಮೀಟರ್ ಮಳೆ. ಒಂದು ಕಡೆ ಅಡ್ಯಾರ್ ನದಿ ಉಕ್ಕಿತು, ಇನ್ನೊಂದು ಕಡೆ ವೇಳಚೇರಿ, ಮಡಿಪಾಕ್ಕಂ ಮುಂತಾದ ತಗ್ಗು ಬಡಾವಣೆಗಳಲ್ಲಿ ನೀರು ದಿನಗಟ್ಟಲೆ ಇಳಿಯಲೇ ಇಲ್ಲ. ಇಳಿದು ಹೋಗಬೇಕಾದ ಜಾಗವನ್ನೇ ತುಂಬಿಸಿಬಿಟ್ಟಿದ್ದರಲ್ಲ! 2022ರಲ್ಲಿ ಪಳ್ಳಿಕರಣೈಗೆ ರಾಮ್ಸರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಸಂತೋಷವೇ. ಆದರೆ ಪ್ರಶಸ್ತಿ ಬರುವ ಹೊತ್ತಿಗೆ ಆಸ್ತಿಯ ಬಹುಪಾಲು ಹೋಗಿತ್ತು.

ಸೈಟ್ 'ಡೆವಲಪ್' ಆಗುವಾಗ

ಈಗ ನಮ್ಮ ನಿಮ್ಮ ಮಟ್ಟಕ್ಕೆ ಬರೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು 30-40 ಸೈಟಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್. ಒಂದು ಎಕರೆಗೆ ಎರಡು ಲಕ್ಷ ಲೀಟರ್. ಅಲ್ಲಿ ಹುಲ್ಲು, ಮರ, ಹೊಲ ಇದ್ದಾಗ ಇದರಲ್ಲಿ ದೊಡ್ಡ ಪಾಲು ನೆಲಕ್ಕೆ ಇಂಗುತ್ತಿತ್ತು, ಉಳಿದದ್ದು ನಿಧಾನಕ್ಕೆ ಹರಿಯುತ್ತಿತ್ತು. ಕಾಂಕ್ರೀಟು ಬಿದ್ದ ಮೇಲೆ ಹೆಚ್ಚುಕಡಿಮೆ ಎಲ್ಲವೂ ಕೆಲವೇ ನಿಮಿಷಗಳಲ್ಲಿ ಹೊರಗೆ ಬರುತ್ತದೆ. ಮಳೆ ಅಷ್ಟೇ, ನೀರು ಮಾತ್ರ ಅವಸರದ್ದು.

ಇದು ಮನೆ ಕಟ್ಟಿ ಮುಗಿದ ಮೇಲಿನ ಮಾತು. ಕಟ್ಟುವಾಗಿನ ಒಂದೆರಡು ವರ್ಷ ಇನ್ನೂ ಅಪಾಯದ್ದು. ಜೆಸಿಬಿ ಬಂದು ಮೊದಲ ದಿನವೇ ಮೇಲ್ಮಣ್ಣು ಕೆರೆದು ಹಾಕುತ್ತದೆ. ಬೇರು ಹಿಡಿದಿಡದ ಸಡಿಲ ಮಣ್ಣು ಮೊದಲ ಮಳೆಗೇ ಕೆಂಪು ನೀರಾಗಿ ಚರಂಡಿಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ಚರಂಡಿಯಲ್ಲಿ ಅರ್ಧ ಹೂಳು ಕೂತರೆ ಅದು ಅರ್ಧ ಚರಂಡಿ. ಕೆರೆಯಲ್ಲಿ ಹೂಳು ಕೂತರೆ ಅದು ಅಷ್ಟು ಕಡಿಮೆ ನೀರು ಹಿಡಿಯುತ್ತದೆ. ಅದರ ಮೇಲೆ ತಳಪಾಯದ ಗುಂಡಿಯಿಂದ ಪಂಪ್ ಮಾಡಿದ ರಾಡಿ ನೀರು, ಸಿಮೆಂಟ್ ತೊಳೆದ ನೀರು. ರಾತ್ರಿ ಹೊತ್ತು ಲಾರಿಯಲ್ಲಿ ಬಂದು ಕೆರೆ ಅಂಚಿಗೆ ಬೀಳುವ ಇಟ್ಟಿಗೆ ಚೂರಿನ ರಾಶಿಯಂತೂ ಸರಿಯೇ ಸರಿ.

ಇದಕ್ಕೆ ಪರಿಹಾರ ರಾಕೆಟ್ ವಿಜ್ಞಾನವಲ್ಲ. ಮಣ್ಣು ಅಗೆಯುವ ಕೆಲಸವನ್ನು ಮಳೆಗಾಲಕ್ಕೆ ಮುಂಚೆ ಮುಗಿಸುವುದು. ಇಡೀ ಜಾಗವನ್ನು ಒಮ್ಮೆಲೇ ಬೋಳಿಸದೆ ಹಂತಹಂತವಾಗಿ ಮಾಡುವುದು. ಮೇಲ್ಮಣ್ಣನ್ನು ಗುಡ್ಡೆ ಹಾಕಿ ಮುಚ್ಚಿಡುವುದು. ತಗ್ಗಿನ ಕಡೆ ಹೂಳು ತಡೆಯುವ ಬಟ್ಟೆಯ ಬೇಲಿ ಕಟ್ಟುವುದು. ನೀರು ಹೊರಗೆ ಹೋಗುವ ಮುನ್ನ ಒಂದು ಗುಂಡಿಯಲ್ಲಿ ತಂಗಿ ಮಣ್ಣು ಇಳಿಸಿ ಹೋಗುವಂತೆ ಮಾಡುವುದು. ಗೇಟಿನಲ್ಲಿ ಜಲ್ಲಿ ಹಾಸಿ ಲಾರಿ ಚಕ್ರದ ಕೆಸರು ಅಲ್ಲೇ ಉದುರಿಸುವುದು. ಕಟ್ಟಿದ ಮೇಲೆ ಇಂಗುಬಾವಿ, ನೀರು ಇಳಿಯುವಂಥ ನೆಲಹಾಸು, ಮಳೆನೀರು ಸ್ವಲ್ಪ ಹೊತ್ತು ನಿಲ್ಲುವ ಒಂದು ಪುಟ್ಟ ಹೊಂಡ. ಹಳ್ಳ ಹರಿಯುವ ಜಾಗ ಇದ್ದರೆ ಅದನ್ನು ಪೈಪಿಗೆ ತುರುಕದೆ, ಎರಡೂ ಕಡೆ ಗಿಡ ಬಿಟ್ಟು ಹಾಗೇ ಉಳಿಸುವುದು. ಗುರಿ ಇಷ್ಟೇ: ಕಟ್ಟುವ ಮೊದಲು ಆ ಜಾಗದಿಂದ ಎಷ್ಟು ರಭಸದಲ್ಲಿ ನೀರು ಹೋಗುತ್ತಿತ್ತೋ, ಕಟ್ಟಿದ ಮೇಲೂ ಅದಕ್ಕಿಂತ ಹೆಚ್ಚು ರಭಸದಲ್ಲಿ ಹೋಗಬಾರದು. 1909ರಲ್ಲಿ ವಿಶ್ವೇಶ್ವರಯ್ಯನವರು ಒಂದು ನದಿಗೆ ಹೇಳಿದ್ದನ್ನೇ ಒಂದು ಸೈಟಿಗೆ ಹೇಳಿದಂತಾಯಿತು.

ಕಾನೂನು ಏನು ಹೇಳುತ್ತದೆ?

ಕಾನೂನು ಇಲ್ಲ ಎನ್ನುವಂತಿಲ್ಲ. 2003ರಲ್ಲಿ ತಮಿಳುನಾಡು ಎಲ್ಲ ಕಟ್ಟಡಗಳಿಗೂ ಮಳೆಕೊಯ್ಲು ಕಡ್ಡಾಯ ಮಾಡಿತು. 2006ರ ಕೇಂದ್ರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡ ಯೋಜನೆಗಳು ಪರಿಸರ ಅನುಮತಿ ಪಡೆಯಬೇಕಾಯಿತು. ಹೈದರಾಬಾದಿನಲ್ಲಿ 1996ರ 111ನೇ ಆದೇಶ ಅವೇ ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ನಿರ್ಮಾಣಕ್ಕೆ ಕಡಿವಾಣ ಹಾಕಿತ್ತು. ಆ ವ್ಯಾಪ್ತಿಯಲ್ಲಿ ಬರಲಿದ್ದ ಒಂದು ಕಾರ್ಖಾನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1999 ಮತ್ತು 2000ದ ತೀರ್ಪುಗಳಲ್ಲಿ ಮುನ್ನೆಚ್ಚರಿಕೆಯ ತತ್ವವನ್ನು ಎತ್ತಿ ಹಿಡಿಯಿತು. ಹಾನಿಯಾಗುವುದಿಲ್ಲ ಎಂದು ತೋರಿಸುವ ಹೊಣೆ ಕಟ್ಟುವವರದ್ದೇ ಎಂದಿತು. ಆದರೆ 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಆ ಕಡಿವಾಣವನ್ನು ಸಡಿಲಿಸುವ ಆದೇಶ ಹೊರಡಿಸಿತು. 1908ರ ಪಾಠಕ್ಕೆ ಕಟ್ಟಿದ ಜಲಾಶಯಗಳ ಸುತ್ತಲೇ ಹೀಗೆ!

ಬೆಂಗಳೂರಿನ ಕಥೆಯೂ ಕೇಳಿ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜೌಗಿನಲ್ಲಿ ದೊಡ್ಡ ನಿರ್ಮಾಣ ಹೊರಟಾಗ ಕೆಲವು ನಾಗರಿಕರು ಹಸಿರು ನ್ಯಾಯಮಂಡಳಿಗೆ ಹೋದರು. 4 ಮೇ 2016ರಂದು ಮಂಡಳಿ, ಕೆರೆಯ ಸುತ್ತ 75 ಮೀಟರ್, ರಾಜಕಾಲುವೆಗಳಿಗೆ ಅವುಗಳ ಗಾತ್ರದಂತೆ 50, 35, 25 ಮೀಟರ್ ಬಿಡಬೇಕೆಂದು ಇಡೀ ನಗರಕ್ಕೇ ಅನ್ವಯಿಸುವಂತೆ ಹೇಳಿತು. 5 ಮಾರ್ಚ್ 2019ರಂದು ಸುಪ್ರೀಂ ಕೋರ್ಟ್ ಆ ಸಾಮಾನ್ಯ ನಿಯಮವನ್ನು ರದ್ದು ಮಾಡಿತು. ನಗರ ಯೋಜನೆಯೇ ಕಾನೂನು, ಅದನ್ನು ತಿದ್ದುವ ಅಧಿಕಾರ ಮಂಡಳಿಗಿಲ್ಲ ಎಂಬುದು ಕಾರಣ. 2022ರ ಸೆಪ್ಟೆಂಬರ್ ಮೊದಲ ವಾರ ಬೆಳ್ಳಂದೂರು ಕಡೆಯ ಐಟಿ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರ ಚಿತ್ರಗಳನ್ನು ನೀವೂ ಟಿವಿಯಲ್ಲಿ ನೋಡಿದ್ದೀರಿ.

ಇನ್ನೊಂದು ಸೂಕ್ಷ್ಮ ಇದೆ. 2017ರ ಕೇಂದ್ರ ಜೌಗುಭೂಮಿ ನಿಯಮಗಳು ನೀರಾವರಿಗಾಗಿ ಅಥವಾ ಕುಡಿಯುವ ನೀರಿಗಾಗಿ ಮನುಷ್ಯ ಕಟ್ಟಿದ ಜಲಮೂಲಗಳನ್ನು ಜೌಗುಭೂಮಿ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟವು. ಸ್ವಲ್ಪ ಯೋಚಿಸಿ. ನಮ್ಮ ದಖ್ಖನ್ನಿನ ಕೆರೆಗಳನ್ನೆಲ್ಲ ಯಾರು ಕಟ್ಟಿದ್ದು? ಮನುಷ್ಯರೇ. ಯಾಕೆ? ನೀರಾವರಿಗೇ! ನೂರಾರು ವರ್ಷ ಹಕ್ಕಿ, ಮೀನು, ಜೊಂಡು ಬೆಳೆಸಿಕೊಂಡ ಕೆರೆ, ಕಟ್ಟಿದವರ ಉದ್ದೇಶ ನೋಡಿದರೆ ಜೌಗುಭೂಮಿಯಲ್ಲ. ಹಾಗಾಗಿ ಅದರ ಕಾವಲು ಆಯಾ ರಾಜ್ಯದ ಕಾನೂನಿನ ಮೇಲೆ ಮತ್ತು ಅಕ್ಕಪಕ್ಕದ ಜನರ ಮೇಲೆ ಬಿದ್ದಿದೆ. ಅಂದರೆ ನಿಮ್ಮ ಮೇಲೆ.

ಮುಂದಿನ ಭಾನುವಾರ

ನೀವು ಮುಂದಿನ ಭಾನುವಾರ ಫ್ಲ್ಯಾಟ್ ನೋಡಲು ಹೋಗುತ್ತೀರಿ ಎಂದುಕೊಳ್ಳಿ. ಮಾಡ್ಯುಲರ್ ಕಿಚನ್, ಲಿಫ್ಟ್, ಕಾರ್ ಪಾರ್ಕಿಂಗ್ ಎಲ್ಲ ನೋಡಿ. ಜೊತೆಗೆ ಇನ್ನೂ ಕೆಲವು ಪ್ರಶ್ನೆ ಕೇಳಿ. ಈ ಜಾಗದ ಹಳೆಯ ಹೆಸರೇನು? ಸರ್ವೆ ನಕ್ಷೆಯಲ್ಲಿ ಇಲ್ಲಿ ಹಳ್ಳ, ನಾಲಾ, ಕೆರೆ ಅಂಗಳ ಇತ್ತೇ? ಪಕ್ಕದ ರಸ್ತೆಗಿಂತ ನೆಲವನ್ನು ಎಷ್ಟು ಎತ್ತರಿಸಿದ್ದಾರೆ? ಎತ್ತರಿಸಿದ್ದರೆ ಆ ನೀರು ಈಗ ಯಾರ ಮನೆಗೆ ಹೋಗುತ್ತದೆ? ಮಳೆನೀರು ಎಲ್ಲಿ ನಿಂತು, ಎಲ್ಲಿ ಇಂಗಿ, ಎಲ್ಲಿಗೆ ಹೊರಡುತ್ತದೆ? ಪರಿಸರ ಅನುಮತಿ ಪತ್ರದಲ್ಲಿ ಏನು ಷರತ್ತು ಹಾಕಿದ್ದಾರೆ? ಸಾಧ್ಯವಾದರೆ ಮಳೆ ಬಂದ ಮರುದಿನ ಹೋಗಿ ನೋಡಿ. ಗೇಟಿನ ಮುಂದೆ ಕೆಂಪು ಕೆಸರು ಹರಿಯುತ್ತಿದ್ದರೆ ಬ್ರೋಷರ್ ಓದುವ ಅಗತ್ಯವೇ ಇಲ್ಲ. ಬೀದಿ ಬದಿಯ ಚಹಾ ಅಂಗಡಿಯ ಹಿರಿಯರನ್ನು ಮಾತಾಡಿಸಿ. ಮರಾಠಿಯೋ, ತಮಿಳೋ, ತೆಲುಗೋ, ಹರಕುಮುರುಕಾದರೂ ಪರವಾಗಿಲ್ಲ. ನಮ್ಮ ಅಜ್ಜ ಹೇಳುತ್ತಿದ್ದ ಮಾತನ್ನು ಆ ಊರಿನ ಅಜ್ಜ ಹೇಳುತ್ತಾರೆ.

ಆಗಲೇ ಅಲ್ಲಿ ವಾಸ ಮಾಡುತ್ತಿದ್ದೀರಾ? ಹಾಗಾದರೆ ಸೊಸೈಟಿ ಮೀಟಿಂಗಿನಲ್ಲಿ ಒಂದು ಮಾತು ಎತ್ತಿ. ಮಳೆಗಾಲಕ್ಕೆ ಮುಂಚೆ ಇಂಗುಬಾವಿ ಸ್ವಚ್ಛ ಮಾಡಿಸಿ. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿದ್ದರೆ ಅದರ ಮಣ್ಣು ಎಲ್ಲಿಗೆ ಹೋಗುತ್ತಿದೆ ಅಂತ ಒಂದು ಕಣ್ಣಿಡಿ.

ನಾವು ಊರು ಬಿಟ್ಟು ಬಂದಿದ್ದೇವೆ. ಆದರೆ ನೀರು ಎಲ್ಲಿಗೂ ಬಿಟ್ಟು ಹೋಗುವುದಿಲ್ಲ, ಅದು ಆ ಊರಿನ ಹಳೇ ಬಾಡಿಗೆದಾರ. ಅದಕ್ಕೊಂದಿಷ್ಟು ಜಾಗ ಬಿಟ್ಟುಕೊಟ್ಟು, ನಮ್ಮ ಜಾಗದಲ್ಲಿ ನಾವು ನೆಮ್ಮದಿಯಾಗಿ ಇರೋಣ.

ನಿಮ್ಮ ಬೀದಿಯ ಹೆಸರಿನಲ್ಲೂ ಒಂದು ಕೆರೆಯೋ ಹಳ್ಳವೋ ಅಡಗಿದೆಯೇ? ಪತ್ತೆ ಮಾಡಿ ನಮಗೆ ಬರೆದು ತಿಳಿಸಿ. ಮತ್ತೆ ಕನ್ನಡದ ಹೊತ್ತಿನಲ್ಲಿ ಭೇಟಿಯಾಗೋಣ. ಅಲ್ಲಿಯವರೆಗೆ, ಮಳೆ ಇದ್ದರೆ ಕೊಡೆ ಮರೆಯಬೇಡಿ!